ಕಿಟಕಿ ಸುದ್ದಿ

ಮಾರ್ಚ್ 4

ಪ್ರೀತಿಯ ಅತ್ತಿಗೆಗೆ,

ನಿಮ್ಮ ಪತ್ರ ಬಂತು. ಅಮ್ಮನಿಗೆ ಗಟ್ಟಿಯಾಗಿ ಓದಿದೆ. "ನಿಮ್ಮ ಮಗನ ಆರೋಗ್ಯ ಸುಧಾರಿಸುತ್ತಿದೆ ಎಂದು ಬಲ್ಲ ಮೂಲಗಳು ತಿಳಿಸಿವೆ" ಎಂಬ ಸಾಲು ಬಂದಾಗ ಅಮ್ಮ ನಕ್ಕು ನಕ್ಕು ಕೆಮ್ಮು ಬರಿಸಿಕೊಂಡಳು. ಬಲ್ಲ ಮೂಲ ಅಂದರೆ ನೀವೇ ತಾನೆ? ಅಣ್ಣನಿಗೆ ನೆಗಡಿ ಬಿಟ್ಟಿತು ಅಂದರೆ ಸಾಕಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನೀವು ನಮ್ಮ ಮಾತು ಕಲಿತದ್ದು ಅಡುಗೆಮನೆಯ ರೇಡಿಯೋದಲ್ಲಿ ನಾನು ಓದುವ ವಾರ್ತೆ ಕೇಳಿ. ಬಿತ್ತಿದ್ದನ್ನು ನಾನೇ ಕೊಯ್ಯಬೇಕು. ಹಾಲು ಉಕ್ಕಿದರೆ "ಹಾಲು ಅಪಾಯದ ಮಟ್ಟ ಮೀರಿ ಹರಿಯುತ್ತಿದೆ" ಎಂದು ಕೂಗುವ ಸೊಸೆ ಈ ಬೀದಿಯಲ್ಲಿ ಇನ್ನೊಬ್ಬರಿಗಿಲ್ಲ ಎಂದು ಅಮ್ಮ ಇವತ್ತಿಗೂ ಬೀಗುತ್ತಾಳೆ.

ನೀವು ಕೇಳಿದ್ದಕ್ಕೆ ಉತ್ತರ. ಸಾವಿನ ಸುದ್ದಿ ಓದುವಾಗ ದನಿ ತಗ್ಗಿಸಬಾರದು, ವೇಗ ತಗ್ಗಿಸಬೇಕು. ಹೆಸರು ಹೇಳುವ ಮೊದಲು ಒಂದು ಉಸಿರು ಬಿಡಿ. ಕೇಳುವ ಮನೆಯವರಿಗೆ ಎಲ್ಲಾದರೂ ಕೈ ಊರಿಕೊಳ್ಳಲು ಅಷ್ಟು ಹೊತ್ತು ಬೇಕು. ಆದರೆ ರಾಜಧಾನಿಯ ಟೀವಿಯಲ್ಲಿ ನಿಮ್ಮ ಭಾಷೆಯ ವಾರ್ತೆ ಓದುವ ನಿಮಗೆ ನಮ್ಮ ಭಾಷೆಯ ಉಸಿರಿನ ಲೆಕ್ಕ ಏಕೆ ಬೇಕಾಯಿತು? ಇರಲಿ, ನಾದಿನಿಯ ಮೇಲಿನ ಅಕ್ಕರೆ ಎಂದುಕೊಳ್ಳುತ್ತೇನೆ.

ನನ್ನ ವಾರ್ತೆಯ ಕೊನೆಗೆ ಸೈಕಲ್ ಗಂಟೆ ಕೇಳಿಸುತ್ತದೆ, ಯಾಕೆ ಎಂದೂ ಕೇಳಿದ್ದೀರಿ. ಗುಟ್ಟು ಹೇಳುತ್ತೇನೆ, ಕಚೇರಿಯಲ್ಲಿ ಬಾಯಿ ಬಿಡಬೇಡಿ. ನಮ್ಮ ಹತ್ತು ನಿಮಿಷದ ವಾರ್ತೆಯಲ್ಲಿ ಎಂಟು ನಿಮಿಷ ರಾಜಧಾನಿಯಿಂದ ಬಂದದ್ದನ್ನು ಅನುವಾದಿಸಿ ಓದುತ್ತೇನೆ. ಕೊನೆಯ ಎರಡು ನಿಮಿಷ ಕಿಟಕಿ ಸುದ್ದಿ. ಸ್ಟುಡಿಯೋದ ಕಿಟಕಿ ಬೀದಿಗೆ ತೆರೆದುಕೊಳ್ಳುತ್ತದೆ. ಸಂಜೆ ಊರಿನವರು ಅಲ್ಲಿಗೆ ಬಂದು ಹೇಳುತ್ತಾರೆ: ನಾಳೆ ದೋಣಿ ತಡ, ಯಾವ ಬೀದಿಗೆ ನೀರಿಲ್ಲ, ಯಾರು ತೀರಿಕೊಂಡರು, ಯಾರ ಮೇಕೆ ಕಾಣೆ. ನಾನು ಕೇಳಿಕೊಂಡು ಓದುತ್ತೇನೆ. ಯಾವ ಕಡತದಲ್ಲೂ ಇದು ಇಲ್ಲ. ಊರಿನವರು ರೇಡಿಯೋ ಹಾಕುವುದೇ ಈ ಎರಡು ನಿಮಿಷಕ್ಕೆ.

ಮೊನ್ನೆ ನಿಮ್ಮ ಭಾಷೆಯ ಹೊಲಿಗೆಯವಳು, ಕೆಳಗಿನ ಬೀದಿಯವಳು, ಕಿಟಕಿಗೆ ಬಂದು ಏನೋ ಹೇಳತೊಡಗಿದಳು. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. "ನಿಮ್ಮವರಿಗೇನಮ್ಮ, ಟೀವಿಯೇ ಇದೆಯಲ್ಲ, ದೊಡ್ಡ ಪೇಪರೂ ನಿಮ್ಮದೇ. ನಮಗಿರೋದು ಇದೊಂದು ಕಿಟಕಿ" ಎಂದೆ. ಹೋದಳು. ಸರಿಯಾಗಿ ಹೇಳಿದೆ ತಾನೆ?

ನಿಮ್ಮ ನಾದಿನಿ

---

ಮಾರ್ಚ್ 13

ಪ್ರೀತಿಯ ನಾದಿನಿಯವರಿಗೆ,

ಮೊದಲಿಗೆ ಈ ಪತ್ರದ ಮುಖ್ಯಾಂಶಗಳು. ನಿಮ್ಮ ಅಣ್ಣನವರು ಮುದ್ರಣಾಲಯದ ಕೆಲಸಕ್ಕೆ ಮರಳಿದ್ದಾರೆ. ಅವರ ಅಂಗಿಗಳ ಮೇಲಿನ ಮಸಿಯ ಕಲೆಗಳ ವಿರುದ್ಧ ಕಾರ್ಯಾಚರಣೆ ಮುಂದುವರಿದಿದೆ. ಅತ್ತೆಯವರಿಗೆ ನನ್ನ ನಮಸ್ಕಾರಗಳನ್ನು ತಲುಪಿಸಲಾಗುವುದು ಎಂದು ನಂಬಲಾಗಿದೆ.

ಕಿಟಕಿಯ ವಿಚಾರ ಓದಿ ಬಹಳ ಸಂತೋಷವಾಯಿತು. ದೊಡ್ಡ ಸಂಖ್ಯೆಗಳನ್ನು ಓದುವಾಗ ಎಲ್ಲಿ ನಿಲ್ಲಿಸಬೇಕು? ಊರಿನ ಹೆಸರುಗಳಲ್ಲಿ ಯಾವುದನ್ನು ಎಳೆದು ಹೇಳಬೇಕು, ಯಾವುದನ್ನು ಮೊಟಕಾಗಿ? ಸಮಯ ದೊರೆತಾಗ ವಿವರವಾಗಿ ತಿಳಿಸಬೇಕೆಂದು ಕೋರಲಾಗಿದೆ.

ಹೊಲಿಗೆಯವರ ವಿಷಯದಲ್ಲಿ ಯಾವುದೇ ಅಭಿಪ್ರಾಯ ವ್ಯಕ್ತಪಡಿಸಲು ನಾನು ನಿರಾಕರಿಸುತ್ತೇನೆ.

ನಮ್ಮ ಕಚೇರಿಯಲ್ಲಿ ಕೆಲವು ಬದಲಾವಣೆಗಳನ್ನು ನಿರೀಕ್ಷಿಸಲಾಗಿದೆ. ಹೆಚ್ಚಿನ ವಿವರಗಳು ಲಭ್ಯವಾಗಿಲ್ಲ.

ನಿಮ್ಮ ಅತ್ತಿಗೆ

---

ಮಾರ್ಚ್ 22

ಅತ್ತಿಗೆ,

ತಮಾಷೆಗೆ ಇವತ್ತು ಮನಸ್ಸಿಲ್ಲ. ಆದೇಶ ಬಂದಿದೆ. ಒಂದನೇ ತಾರೀಖಿನಿಂದ ನಮ್ಮ ಭಾಷೆಯ ರೇಡಿಯೋ ವಾರ್ತೆ ಯಾವ ಊರಿನ ನಿಲಯದಲ್ಲೂ ಇರುವುದಿಲ್ಲ. ಎಲ್ಲ ಊರಿಗೂ ಸೇರಿಸಿ ರಾಜಧಾನಿಯಿಂದಲೇ ಒಬ್ಬರು ಓದುತ್ತಾರಂತೆ. ಯಾರೋ ಪುಣ್ಯಾತ್ಮ. ನಮ್ಮ ಊರಿನ ಹೆಸರನ್ನೇ ನೆಟ್ಟಗೆ ಹೇಳಲು ಬಾರದವನು ಇರಬೇಕು.

ನನಗೆ ಕೊಟ್ಟ ಕೆಲಸ ಕೇಳಿ. ಲೈನ್ ಪರೀಕ್ಷೆ! ವಾರ್ತೆ ಶುರುವಾಗುವ ಮೊದಲು ಪ್ರತಿ ನಿಲಯದಿಂದ ಒಬ್ಬೊಬ್ಬರು ಮೈಕಿನ ಮುಂದೆ ಕೂತು ಒಂದು, ಎರಡು, ಮೂರು ಎಂದು ಎಣಿಸಬೇಕು. ರಾಜಧಾನಿಯಲ್ಲಿ ಹೆಡ್‌ಫೋನ್ ಹಾಕಿಕೊಂಡವರಿಗೆ ಅದು ಕೇಳಿಸಿದರೆ ಲೈನ್ ಬದುಕಿದೆ ಎಂದು ಅರ್ಥ. ಅವರ ಮಾತು ನಮಗೆ ಕೇಳಿಸುವುದಿಲ್ಲ. ಇಷ್ಟು ವರ್ಷ ವಾರ್ತೆ ಓದಿದ ಬಾಯಲ್ಲಿ ಮಗ್ಗಿ! ನಮ್ಮ ಸ್ವಿಚ್ಚಪ್ಪ ಗೊತ್ತಲ್ಲ, ಯಂತ್ರಗಳನ್ನು ನೋಡಿಕೊಳ್ಳುವವನು, ಅವನು ಸಮಾಧಾನ ಹೇಳಲು ಬಂದ. "ಬಿಡಿ ಅಕ್ಕಾ, ಎಣಿಸೋದ್ರಲ್ಲಿ ಅನುವಾದದ ಕಷ್ಟ ಇಲ್ಲ" ಎಂದ. ಕೈಗೆ ಸಿಕ್ಕಿದ ರಟ್ಟು ಎಸೆದೆ.

ಆದರೆ ನಾನು ಸುಮ್ಮನೆ ಕೂರುವವಳಲ್ಲ. ವಾರ್ತೆ ನಮ್ಮ ನಿಲಯಕ್ಕೆ ಮರಳಿ ಬರಬೇಕು, ಅಷ್ಟೇ. ದೋಣಿಯವರು, ಮಾರುಕಟ್ಟೆಯವರು ಎಲ್ಲರ ಸಹಿ ಮಾಡಿಸಿ ಕಳಿಸಿದ್ದೇನೆ. ನೀವು ಒಳಗಿನವರು. ಎಲ್ಲರ ಬರಹಕ್ಕೂ ಕತ್ತರಿ ಹಾಕುವ ನಿಮ್ಮ ಸಂಪಾದಕ, ಕತ್ತರಿ ಸಾಹೇಬರು ಎನ್ನುತ್ತೀರಲ್ಲ, ಅವರ ಕಿವಿಗೆ ಒಂದು ಮಾತು ಹಾಕಿ. ನನಗೆ ಅಲ್ಲಿ ನೀವು ಬಿಟ್ಟರೆ ಯಾರಿದ್ದಾರೆ?

ನಿಮ್ಮ ನಾದಿನಿ

---

ಮಾರ್ಚ್ 28

ನಾದಿನಿಯವರಿಗೆ,

ಪ್ರಯತ್ನಗಳು ನಡೆಯುತ್ತಿವೆ. ಪರಿಸ್ಥಿತಿ ಸೂಕ್ಷ್ಮವಾಗಿದೆ.

ಒಂದನೇ ತಾರೀಖಿನ ಸಂಜೆ ಅತ್ತೆಯವರನ್ನು ನದಿ ದಂಡೆಗೆ ಕರೆದುಕೊಂಡು ಹೋಗುವುದು ಒಳಿತು. ಅಲ್ಲಿ ಗಾಳಿ ಹಿತಕರವಾಗಿರುತ್ತದೆ.

ಅತ್ತಿಗೆ

---

ಏಪ್ರಿಲ್ 2

ಗಾಳಿ ಹಿತಕರವಾಗಿರಲಿಲ್ಲ. ನಾವು ಮನೆಯಲ್ಲೇ ಇದ್ದೆವು.

ನಾನು ನಿಲಯದಲ್ಲಿ ಎಣಿಸಿ ಮುಗಿಸಿ, ಓಡೋಡಿ ಬಂದು ಅಡುಗೆಮನೆಯ ರೇಡಿಯೋ ತಿರುಗಿಸಿದೆ. ಮೊದಲ ಸಾಲಿಗೇ ಅಮ್ಮ, "ಅಯ್ಯೋ, ಇದು ನಮ್ಮ ಸೊಸೆ ಅಲ್ವೇನೇ!" ಎಂದಳು. ಖುಷಿಯಿಂದ ಎದ್ದು ದನಿ ಹೆಚ್ಚಿಸಿದಳು. ಆಮೇಲೆ ನನ್ನ ಮುಖ ನೋಡಿದಳು, ಕಡಿಮೆ ಮಾಡಿದಳು. ಒಬ್ಬರು ತೀರಿಕೊಂಡ ಸುದ್ದಿಯಿತ್ತು. ಹೆಸರಿಗೆ ಮೊದಲು ನೀವು ಒಂದು ಉಸಿರು ಬಿಟ್ಟಿರಿ. ಅದು ನನ್ನ ಉಸಿರು, ಅತ್ತಿಗೆ.

ಉಸಿರು ಕೇಳಿದಿರಿ, ಕೊಟ್ಟೆ. ಸಂಖ್ಯೆ, ಊರ ಹೆಸರು, ಎಲ್ಲ ಕೇಳಿದಿರಿ, ಪುಟಗಟ್ಟಲೆ ಬರೆದು ಕಳಿಸಿದೆ. ಉಂಡೂ ಹೋದ, ಕೊಂಡೂ ಹೋದ ಎನ್ನುತ್ತಾರಲ್ಲ, ಹಾಗಾಯಿತು. ನನ್ನ ಕುರ್ಚಿ ಹೋದದ್ದಕ್ಕೆ ಅಳು ಬರಲಿಲ್ಲ. ಮನೆಯವರೇ ಅದರ ಮೇಲೆ ಕೂತಿದ್ದಾರೆ ಎಂಬುದಕ್ಕೆ ಬಂತು.

ಊರಿನವರು ನಿನ್ನೆಯೂ ಕಿಟಕಿಗೆ ಬಂದರು. "ಇನ್ನು ಓದೋದಿಲ್ಲಪ್ಪಾ" ಎಂದರೆ "ಓದದಿದ್ರೆ ಬೇಡ, ಕೇಳಿಸ್ಕೊಳಿ" ಎಂದು ಹೇಳಿಯೇ ಹೋದರು. ನನ್ನ ತಲೆಯಲ್ಲಿ ಈಗ ಒಂದು ಮೇಕೆ, ಎರಡು ಸಾವು, ಒಂದು ಕೆಟ್ಟ ದೋಣಿ ಇವೆ. ಎಲ್ಲಿ ಇಳಿಸಲಿ?

ಉತ್ತರ ಬರೆಯಬೇಡಿ.

---

ಏಪ್ರಿಲ್ 8

ನಾದಿನಿ,

ಬರೆಯಬೇಡ ಎಂದರೂ ಬರೆಯುತ್ತಿದ್ದೇನೆ. ಇದನ್ನು ಮೊದಲು ನನ್ನ ಭಾಷೆಯಲ್ಲಿ ಬರೆದು ನೋಡಿದೆ. ಸುಳ್ಳು ಬಹಳ ಚೆನ್ನಾಗಿ ಬಂತು, ಹರಿದು ಹಾಕಿದೆ. ನಿನ್ನ ಭಾಷೆಯಲ್ಲಿ ನನಗೆ ಅಷ್ಟು ಜಾಣತನ ಇಲ್ಲ.

ಫೆಬ್ರವರಿಯಲ್ಲೇ ಕತ್ತರಿ ಸಾಹೇಬರು ಕರೆದು ಹೇಳಿದರು. ಊರಿನ ನಿಲಯಗಳ ವಾರ್ತೆ ನಿಲ್ಲಿಸುವುದು ಆಗಲೇ ತೀರ್ಮಾನವಾಗಿತ್ತು. ಓದಲು ಅವರು ಗೊತ್ತು ಮಾಡಿದ್ದವನು ನಿಮ್ಮ ಲಿಪಿ ಓದಲಾರ, ನಮ್ಮ ಲಿಪಿಯಲ್ಲಿ ಬರೆದುಕೊಂಡು ಓದುವವನು. ಅವನ ಬಾಯಲ್ಲಿ ನಿಮ್ಮ ಊರಿನ ಸಾವುಗಳನ್ನು ಊಹಿಸಿಕೊಂಡೆ. ನಾನು ಓದುತ್ತೇನೆ ಎಂದೆ. ಕುರ್ಚಿ ಹೇಗೂ ನಿನ್ನ ಕೈ ಬಿಟ್ಟಿತ್ತು, ಕಂಡವರ ಪಾಲಾಗುವುದು ಬೇಡ ಅನ್ನಿಸಿತು. ನಿನಗೆ ಹೇಳುವ ಧೈರ್ಯ ಬರಲಿಲ್ಲ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಸಂಖ್ಯೆಗಳ ಬಗ್ಗೆ ಕೇಳುತ್ತಾ ಕೂತೆ. ನಿಮ್ಮಣ್ಣ, "ಹೇಳ್ಬಿಡು, ಅವಳು ಬೈತಾಳೆ, ಆಮೇಲೆ ಸರಿಹೋಗ್ತಾಳೆ" ಎಂದರು. ಅವರು ವರ್ಷಕ್ಕೊಮ್ಮೆ ಸರಿಯಾದ ಮಾತು ಹೇಳುತ್ತಾರೆ, ಆಗ ನಾವು ಕೇಳುವುದಿಲ್ಲ.

ಈಗ ಮುಖ್ಯ ವಿಷಯ. ಹೆಡ್‌ಫೋನ್ ಹಾಕಿಕೊಂಡು ನಿಮ್ಮ ಎಣಿಕೆ ಕೇಳುವವಳು ನಾನೇ. ನೀನು ಕೋಪದಲ್ಲಿ ಎಣಿಸುತ್ತೀಯ. ಏಳು ಬಂದಾಗ ಹಲ್ಲು ಕಚ್ಚುತ್ತೀಯ. ನಿನ್ನೆ ಇಡೀ ನಿಯಮಗಳ ಪುಸ್ತಕ ಓದಿದೆ. ಲೈನ್ ಪರೀಕ್ಷೆಗೆ "ಸ್ಪಷ್ಟವಾಗಿ ಮಾತನಾಡತಕ್ಕದ್ದು" ಎಂದಷ್ಟೇ ಇದೆ. ಎಣಿಸಬೇಕು ಎಂದು ಎಲ್ಲೂ ಇಲ್ಲ.

ತಲೆಯಲ್ಲಿರುವ ಮೇಕೆಯನ್ನು ಎಲ್ಲಿ ಇಳಿಸಲಿ ಎಂದು ಕೇಳಿದ್ದೆಯಲ್ಲ. ಲೈನಿಗೆ ಇಳಿಸು. ನನ್ನ ಕೈಯಲ್ಲಿ ಪೆನ್ಸಿಲ್ ಇರುತ್ತದೆ.

ಅತ್ತಿಗೆ

---

ಏಪ್ರಿಲ್ 19

ಅತ್ತಿಗೆ,

ಕೋಪ ಹೋಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಕೋಪ ಬೇರೆ, ಕೆಲಸ ಬೇರೆ.

ನಿಮ್ಮ ಪತ್ರ ಬಂದ ಮೇಲೂ ಎರಡು ಸಂಜೆ ಎಣಿಸಿದೆ, ಬರೀ ಹಟಕ್ಕೆ. ನಿನ್ನೆ ಕಿಟಕಿಗೆ ಕ್ಷೌರದಂಗಡಿಯವ ಬಂದ. ಅವನ ಮೇಕೆ ಕಾಣೆಯಾದಾಗಿನಿಂದ ಅವನ ಕತ್ತರಿ ಸರಿಯಾಗಿ ನಡೆಯುತ್ತಿಲ್ಲ, ಊರಿನ ಗಂಡಸರ ತಲೆ ನೋಡಿದರೆ ಗೊತ್ತಾಗುತ್ತದೆ. ಅವನು ಕಣ್ಣು ಒರೆಸಿಕೊಂಡಾಗ ನನ್ನ ಹಟ ಕರಗಿತು. ಮೈಕ್ ಮುಂದೆ ಕೂತು ಒಂದು, ಎರಡು ಎಂದವಳು ಮೂರು ಎನ್ನಲಿಲ್ಲ. ದೋಣಿ, ನೀರು, ತೀರಿಕೊಂಡ ಮುದುಕಿ, ಮೇಕೆ, ಎಲ್ಲ ಹೇಳಿದೆ. ಸ್ವಿಚ್ಚಪ್ಪ ಗಾಜಿನ ಆಚೆ ತಲೆ ಮೇಲೆ ಕೈ ಹೊತ್ತುಕೊಂಡ. ಆದರೆ ಸ್ವಿಚ್ಚು ಮುಟ್ಟಲಿಲ್ಲ.

ವಾರ್ತೆಯ ಕೊನೆಗೆ ನೀವು ಓದಿದಿರಿ. ಇಡೀ ದೇಶಕ್ಕೆ! ಒಂದು ಕಿವಿ ಕಪ್ಪು, ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ ಎಂಬುದನ್ನೂ ಬಿಡದೆ. ಮಂತ್ರಿಗಳ ವಿದೇಶ ಪ್ರವಾಸದ ಪಕ್ಕದಲ್ಲೇ ನಮ್ಮ ಮೇಕೆ. ಬೀದಿಯಲ್ಲಿ ಕೂಗೋ ಕೂಗು. ಅಮ್ಮ ಸೆರಗಿನಲ್ಲಿ ಕಣ್ಣು ಒತ್ತಿಕೊಂಡು, "ನನ್ನ ಸೊಸೆ ಓದಿದ್ದು, ನನ್ನ ಮಗಳು ಹೇಳಿದ್ದು" ಎಂದು ಪಕ್ಕದ ಮನೆಯವರಿಗೆ ಕೇಳಿಸುವ ಹಾಗೆ ಹೇಳಿದಳು.

ಇವತ್ತೂ ಹೇಳಿದ್ದೇನೆ. ನಾಳೆಯೂ ಹೇಳುತ್ತೇನೆ.

ನಾದಿನಿ

---

ಮೇ 1

ನಾದಿನಿ,

ಮೇಕೆ ಸಿಕ್ಕಿತಂತೆ, ನದಿಯ ಆಚೆ ದಂಡೆಯಲ್ಲಿ! ಈ ಸುದ್ದಿ ನನಗೆ ನಿನ್ನಿಂದ ಬರಲಿಲ್ಲ, ಸ್ವಿಚ್ಚಪ್ಪನಿಂದ ಬಂತು ಎಂದು ಸಿಟ್ಟಿದೆ. ಯಾವುದೋ ದೂರದ ಊರಿನವರು ಇನ್ನೂ ಕಚೇರಿಗೆ ಫೋನ್ ಮಾಡಿ, "ಮೇಕೆ ಸಿಕ್ತಾ?" ಎಂದು ವಿಚಾರಿಸುತ್ತಿದ್ದಾರೆ. ಕತ್ತರಿ ಸಾಹೇಬರ ಮೇಜಿನ ಫೋನಿಗೇ.

ಅವರು ನನ್ನನ್ನು ಕರೆಸಿದರು. "ರಾಷ್ಟ್ರೀಯ ವಾರ್ತೆಯಲ್ಲಿ ಮೇಕೆ ಏನಮ್ಮಾ?" ಎಂದರು. "ಸರ್, ಅದು ರಾಷ್ಟ್ರದ ಒಳಗೇ ಕಳೆದಿತ್ತು" ಎಂದೆ. ಇದನ್ನು ನಮ್ಮ ಭಾಷೆಯಲ್ಲಿ ಹೇಳಿದೆ, ಆದರೆ ಹೇಳುವ ಧೈರ್ಯ ನಿನ್ನ ಭಾಷೆಯಿಂದ ಬಂತು ಕಣೇ. ಲಿಖಿತ ಎಚ್ಚರಿಕೆ ಕೊಟ್ಟರು. ಮಡಚಿ ಅಲುಗಾಡುವ ಕುರ್ಚಿಯ ಕಾಲಿಗೆ ಕೊಟ್ಟೆ.

ಇನ್ನೂ ಇದೆ ಕೇಳು. ಬೇರೆ ಊರಿನವರೂ ಎಣಿಸುವುದು ಬಿಟ್ಟಿದ್ದಾರೆ! ಮೊನ್ನೆ ಬೆಟ್ಟದ ಊರಿನ ಲೈನಿನವನು ನಾಲ್ಕರವರೆಗೆ ಎಣಿಸಿ, ಗಂಟಲು ಸರಿಮಾಡಿಕೊಂಡು, "ನಮ್ಮಲ್ಲೂ ಒಂದು ಸೇತುವೆ ಕುಸಿದಿದೆ ಮೇಡಂ" ಎಂದ. ನಿನ್ನೆ ಎಂಟು ಊರಿನವರು ಹೇಳಿದರು. ಕೈ ನೋಯುವಷ್ಟು ಬರೆದುಕೊಂಡೆ. ವಾರ್ತೆ ಹತ್ತು ನಿಮಿಷ ಮೀರಿ ಹರಿಯಿತು, ನಮ್ಮ ಹಾಲಿನ ಹಾಗೆ.

ನಿಲ್ಲಿಸಬೇಡ.

ಅತ್ತಿಗೆ

---

ಮೇ 14

ಅತ್ತಿಗೆ,

ಒಂದು ವಿಷಯ ಹೇಳಬೇಕು. ನಗಿಸುವಂಥದ್ದಲ್ಲ.

ಹೋದ ವಾರ ನೀರಿನ ಕಚೇರಿಯವರು ಕಿಟಕಿಗೆ ಬಂದು, ಕೆಳಗಿನ ಬೀದಿಯ ಪೈಪಿಗೆ ಚರಂಡಿ ಸೇರಿದೆ, ದುರಸ್ತಿ ಮುಗಿಯುವವರೆಗೆ ನಲ್ಲಿ ನೀರು ಕುಡಿಯಬಾರದು ಎಂದರು. ನಾನು ಹೇಳಿದೆ, ನೀವು ಓದಿದಿರಿ. ನಮ್ಮವರು ಕುಡಿಯಲಿಲ್ಲ. ಆದರೆ ಕೆಳಗಿನ ಬೀದಿಯಲ್ಲಿ ಅರ್ಧ ಮನೆ ನಿಮ್ಮವರದು, ನಮ್ಮ ಭಾಷೆಯ ವಾರ್ತೆ ಅವರಿಗೆ ತಿಳಿಯುವುದಿಲ್ಲ. ಆ ಹೊಲಿಗೆಯವಳ ಮಗಳು ಆಸ್ಪತ್ರೆ ಸೇರಿದಳು. ಈಗ ಹುಷಾರಾಗಿದ್ದಾಳೆ, ಗಾಬರಿಯಾಗಬೇಡಿ.

ನಿನ್ನೆ ಅವಳು ಕಿಟಕಿಗೆ ಬಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಿಟಕಿಯ ಸರಳು ಹಿಡಿದುಕೊಂಡಳು. ಆಮೇಲೆ ನಮ್ಮ ಮಾತಿನಲ್ಲಿ, ಒಂದೊಂದೇ ಪದ ಹುಡುಕಿಕೊಂಡು, "ಟೀವಿ ಇದೆ ಅಂದ್ರಿ. ಟೀವೀಲಿ ನಮ್ಮ ನಲ್ಲಿ ಬರಲ್ಲ" ಎಂದಳು. ಮಾರ್ಚ್‌ನಲ್ಲಿ ಅವಳು ಹೇಳಲು ಬಂದದ್ದೂ ನೀರಿನ ವಾಸನೆಯ ವಿಷಯವೇ ಆಗಿತ್ತಂತೆ.

ಒಳಗೆ ಹೋಗಿ ಲೈನಿನಲ್ಲಿ ನಲ್ಲಿಯ ಸುದ್ದಿಯನ್ನು ನಿಮ್ಮ ಭಾಷೆಯಲ್ಲೇ ಹೇಳಿದೆ, ನನಗೆ ಬರುವಷ್ಟು. ಲಿಂಗ, ಕಾಲ, ಎಲ್ಲ ಚೆಲ್ಲಾಪಿಲ್ಲಿ. ವಾರ್ತೆಯ ಕೊನೆಗೆ ನೀವು ಒಂದು ಕ್ಷಣ ಸುಮ್ಮನಾದಿರಿ. ನಮ್ಮ ಭಾಷೆಯ ವಾರ್ತೆಯಲ್ಲಿ ನಿಮ್ಮ ಭಾಷೆ ಬರಕೂಡದು ಎಂಬ ನಿಯಮ ನನಗೂ ಗೊತ್ತು. ಆಮೇಲೆ ಓದಿದಿರಿ, ಎರಡು ಸಲ. ಕೆಳಗಿನ ಬೀದಿಯಲ್ಲಿ ಹೊಲಿಗೆಯವಳು ರೇಡಿಯೋವನ್ನು ಬಾಗಿಲ ಹೊರಗೆ ಇಟ್ಟು ಎಲ್ಲರಿಗೂ ಕೇಳಿಸಿದಳಂತೆ.

ಕೋಪ ಹೋಯಿತು ಅತ್ತಿಗೆ. ಯಾವಾಗ ಹೋಯಿತೆಂದು ಗೊತ್ತಾಗಲಿಲ್ಲ.

ನಿಮ್ಮ ನಾದಿನಿ

---

ಮೇ 23

ಪ್ರೀತಿಯ ನಾದಿನಿಯವರಿಗೆ,

ಇಲ್ಲಿ ಎಲ್ಲರೂ ಕ್ಷೇಮವಾಗಿದ್ದೇವೆ. ಹವಾಮಾನ ಸಾಧಾರಣವಾಗಿದೆ. ಕಚೇರಿಯಿಂದ ತಾತ್ಕಾಲಿಕ ವಿರಾಮ ದೊರೆತಿರುವುದರಿಂದ ಮನೆಯ ಶುಚಿತ್ವ ಕಾರ್ಯ ಭರದಿಂದ ಸಾಗಿದೆ. ಆತಂಕಕ್ಕೆ ಯಾವುದೇ ಕಾರಣವಿಲ್ಲ.

ನಿಮ್ಮ ಅತ್ತಿಗೆ

---

ಮೇ 30

ಅತ್ತಿಗೆ,

ನೀವು ವಾರ್ತೆಯ ಭಾಷೆಗೆ ಜಾರಿದರೆ ಏನೋ ಮುಚ್ಚಿಡುತ್ತಿದ್ದೀರಿ ಎಂದು ಈಗ ನನಗೆ ಗೊತ್ತು. ಮಾರ್ಚ್‌ನಲ್ಲಿ ಗೊತ್ತಾಗಲಿಲ್ಲ. ವಾರ್ತೆಯಲ್ಲಿ ನಿಮ್ಮ ದನಿ ನಿಂತ ದಿನವೇ ಅಣ್ಣನಿಗೆ ಬರೆದು ಕೇಳಿದ್ದೆ. ಎರಡೇ ಸಾಲು ಬರೆದಿದ್ದಾನೆ: "ನಮ್ಮ ಭಾಷೆಯ ವಾರ್ತೆಯಲ್ಲಿ ತನ್ನ ಭಾಷೆ ಓದಿದಳೆಂದು ರೇಡಿಯೋದಿಂದಲೂ ಟೀವಿಯಿಂದಲೂ ತೆಗೆದುಹಾಕಿದ್ದಾರೆ. ಮನೆಯಲ್ಲಿ ಪಾತ್ರೆಗಳು ಬಹಳ ಸದ್ದು ಮಾಡುತ್ತಿವೆ." ಮೇಕೆಯ ಸುದ್ದಿಗೆ ಬರೀ ಎಚ್ಚರಿಕೆ ಕೊಟ್ಟು ಬಿಟ್ಟವರು, ನಿಮ್ಮ ಸ್ವಂತ ಮಾತಿಗೆ ಕೆಲಸವನ್ನೇ ಕಿತ್ತುಕೊಂಡರು. ನಾನು ಹೇಳಿದ ಸುದ್ದಿಗೆ! ಇದನ್ನು ನನ್ನಿಂದ ಮುಚ್ಚಿಟ್ಟಿರಿ.

ಇತ್ತ ಏನಾಯಿತು ಕೇಳಿ. ನಿಮ್ಮ ಜಾಗಕ್ಕೆ ಓದಲು ಹೊಸಬ ಬಂದ ಮೇಲೂ ಯಾವ ಊರಿನವರೂ ಎಣಿಸುತ್ತಿಲ್ಲ. ಎಲ್ಲರೂ ಲೈನಿಗೆ ಸುದ್ದಿ ಸುರಿಯುತ್ತಿದ್ದಾರೆ, ಅವನು ಓದದಿದ್ದರೆ ಊರೂರಿನಿಂದ ಫೋನ್. ಕೊನೆಗೆ ನಿಮ್ಮ ಕತ್ತರಿ ಸಾಹೇಬರಿಗೆ ತಲೆ ಚಿಟ್ಟು ಹಿಡಿದು ಸುತ್ತೋಲೆ ಬಂತು: ಸ್ಥಳೀಯ ವಿಷಯಗಳನ್ನು ಆಯಾ ನಿಲಯಗಳೇ ನೋಡಿಕೊಳ್ಳತಕ್ಕದ್ದು, ಸಂಜೆಯ ವಾರ್ತೆ ಮೊದಲಿನಂತೆ ನಿಲಯಗಳಿಗೆ. ನನ್ನ ಕುರ್ಚಿ ನನಗೆ ಬಂತು. ಮೊದಲ ಸಲ ಕಿಟಕಿ ಸುದ್ದಿ ಕಡತದಲ್ಲೂ ಸೇರಿದೆ. ಕೂತೆ. ಓದಿದೆ. ಆದರೆ ಸಂತೋಷಪಡಲು ಮನಸ್ಸು ಬರಲಿಲ್ಲ, ನೀವು ಅಲ್ಲಿ ಪಾತ್ರೆ ಬಡಿಯುತ್ತಿರುವಾಗ.

ಆದ್ದರಿಂದ ನಮ್ಮ ನಿಲಯದ ಮುಖ್ಯಸ್ಥರ ಕೋಣೆಗೆ ಹೋದೆ. ಸುತ್ತೋಲೆಯನ್ನು ಅವರ ಮುಂದಿಟ್ಟು, "ಸ್ಥಳೀಯ ವಿಷಯ ಅಂತ ಇದೆ, ಯಾವ ಭಾಷೆ ಅಂತ ಇಲ್ಲ" ಎಂದೆ. ನಿಯಮ ಓದುವುದನ್ನು ನಿಮ್ಮಿಂದ ಕಲಿತೆ. ನಮ್ಮ ವಾರ್ತೆ ಮುಗಿದ ಮೇಲೆ ಐದು ನಿಮಿಷ ಬರೀ ವಾದ್ಯಸಂಗೀತ ಹಾಕುತ್ತೇವೆ. ಆ ಐದು ನಿಮಿಷ ನಿಮ್ಮ ಭಾಷೆಯ ಕಿಟಕಿ ಸುದ್ದಿಗೆ ಬೇಕು ಎಂದೆ. ಅವರು ಆಗುವುದಿಲ್ಲ ಎಂದರು. ಮರುದಿನ ಮತ್ತೆ ಹೋದೆ, ಹೊಲಿಗೆಯವಳನ್ನೂ ಅವಳ ಮಗಳನ್ನೂ ಕರೆದುಕೊಂಡು. ಆ ಮಗು ಅವರ ಮೇಜಿನ ಮೇಲಿನ ಲೋಟದ ನೀರನ್ನು ನೋಡಿ ಅಮ್ಮನ ಮುಖ ನೋಡಿತು, ಕುಡಿಯಬಹುದೇ ಎಂದು. ಆಮೇಲೆ ಅವರು ಬೇಡ ಎನ್ನಲಿಲ್ಲ. ಕೆಲಸ ತಾತ್ಕಾಲಿಕ, ಸಂಬಳ ನಿಮ್ಮ ಟೀವಿಯ ಮುಂದೆ ಏನೂ ಅಲ್ಲ. ಅಣ್ಣನಿಗೆ ಇಲ್ಲಿನ ಮುದ್ರಣಾಲಯದಲ್ಲಿ ಜಾಗ ಇದೆ, ಕೇಳಿದ್ದೇನೆ. ಅಮ್ಮ ಆಗಲೇ ನಿಮ್ಮ ಕೋಣೆಯ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ.

ಸ್ವಿಚ್ಚಪ್ಪ ಇನ್ನೊಂದು ಕುರ್ಚಿ ತಂದು ಕಿಟಕಿಯ ಹತ್ತಿರ ಹಾಕಿದ್ದಾನೆ. ಅದರ ಕಾಲು ಅಲುಗಾಡುತ್ತದೆ, ನಿಮ್ಮ ಎಚ್ಚರಿಕೆ ಪತ್ರ ಮರೆಯದೆ ತನ್ನಿ. ಹೊಲಿಗೆಯವಳಿಗೆ ನಿಮ್ಮ ಭಾಷೆಯಲ್ಲಿ ಒಂದೇ ವಾಕ್ಯ ಕಲಿತು ಹೇಳಿಬಿಟ್ಟಿದ್ದೇನೆ: ನಮ್ಮ ಮನೆಯವರು ಬರುತ್ತಾರೆ, ನಿಮ್ಮ ಮಾತು ಕೇಳಿಸಿಕೊಳ್ಳುತ್ತಾರೆ. ಅವಳು ದಿನಾ ಸಂಜೆ ಬಂದು ಖಾಲಿ ಕುರ್ಚಿ ನೋಡಿ ಹೋಗುತ್ತಿದ್ದಾಳೆ. ನನ್ನನ್ನು ಸುಳ್ಳಿ ಮಾಡಬೇಡಿ.

ನಿಮ್ಮ ನಾದಿನಿ

---

ಜೂನ್ 5

ಲೇ,

ನಿನ್ನ ಕಾಗದ ಓದಿ ಅತ್ತುಬಿಟ್ಟೆ. ನಿಮ್ಮಣ್ಣ ಓದಿ, "ಮಸಿ ಎಲ್ಲಿದ್ರೂ ಮಸಿನೇ" ಅಂತ ಹೇಳಿ ಪೆಟ್ಟಿಗೆ ಇಳಿಸಿದ್ರು. ಪಾತ್ರೆ ಎಲ್ಲ ಕಟ್ಟಿದ್ದೀನಿ. ಸೋಮವಾರದ ಬಸ್ಸು.

ನನ್ನ ಭಾಷೇಲಿ ನಾನು ಇಷ್ಟು ವರ್ಷ ಮಂತ್ರಿಗಳ ಪ್ರವಾಸ ಓದಿದ್ದೀನಿ, ಒಂದು ನಲ್ಲಿ ಬಗ್ಗೆ ಓದಿದ್ದು ಅವತ್ತೊಂದೇ ದಿನ. ಅದಕ್ಕೇ ಆ ದಿನ ಸುಮ್ಮನಾದೆ ಕಣೇ, ನಿಯಮಕ್ಕೆ ಹೆದರಿ ಅಲ್ಲ. ನಲ್ಲಿಗೆ ನಮ್ಮ ತವರಲ್ಲಿ ಅಮ್ಮ ಏನಂತಿದ್ಲು ಅನ್ನೋದು ನೆನಪಾಗ್ಲಿಲ್ಲ. ಆಮೇಲೆ ನೆನಪಾಯ್ತು, ಓದಿದೆ.

ಹೊಲಿಗೆಯವಳಿಗೆ ಹೇಳು, ಸೋಮವಾರ ಸಂಜೆ ಕಿಟಕಿಗೆ ಬರಲಿ. ಮೊದಲನೇ ಸುದ್ದಿ ಅವಳದೇ.

ಅತ್ತಿಗೆ